ಶಸ್ತ್ರಚಿಕಿತ್ಸೆ ಮುಗಿದ ಮೇಲೆ

ತೆಂಗು, ಅಡಿಕೆ ತೋಟಗಳನ್ನೇ ನೆಚ್ಚಿಕೊಂಡಿರುವ ಗುಬ್ಬಿ ಸೀಮೆಗೆ, ಮರದಿಂದ ಬಿದ್ದು ಬೆನ್ನುಹುರಿ ಘಾಸಿಗೊಂಡವರ ಸಂಕಟ ಅಪರಿಚಿತವೇನಲ್ಲ. ಮಂಗಳೂರು ಹೆದ್ದಾರಿಯ ಕುಣಿಗಲ್‌ಗೆ, ಪುಣೆ ಹೆದ್ದಾರಿಯ ತುಮಕೂರಿಗೆ ಅದೇ ಅಪಾಯ ರಸ್ತೆ ಅಪಘಾತದ ರೂಪದಲ್ಲಿ ಎದುರಾಗುತ್ತದೆ. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಮತ್ತು 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಿಂದಾಗಿ ಬಡ ಗಾಯಾಳು ಆಸ್ಪತ್ರೆ ಸೇರುವುದು, ಶಸ್ತ್ರಚಿಕಿತ್ಸೆ ಪಡೆಯುವುದು ಹಿಂದಿಗಿಂತ ಸುಲಭವಾಗಿದೆ. ಹೊಲಿಗೆ ಬಿಚ್ಚಿ ಮನೆಗೆ ಕಳುಹಿಸಿದ ನಂತರ ಏನು ಎಂಬ ಪ್ರಶ್ನೆಗೆ ಮಾತ್ರ ವ್ಯವಸ್ಥೆಯ ಬಳಿ ಸ್ಪಷ್ಟ ಉತ್ತರವಿಲ್ಲ. ವಿಮೆಯ ಕಾರ್ಡು ಪ್ರಧಾನವಾಗಿ ಒಳರೋಗಿಯ ಚಿಕಿತ್ಸೆಗೆ ಮೀಸಲು. ಮತ್ತೆ ನಿಲ್ಲಲು ಕಲಿಯುವುದಾದರೋ ತಿಂಗಳುಗಟ್ಟಲೆಯ ಕೆಲಸ.

ನಿಲ್ಲುವುದೆಂದರೆ ಅಲುಗಾಡದೆ ಇರುವುದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ನಿಂತ ದೇಹ ಸದಾ ಸಣ್ಣಗೆ ತೂಗುತ್ತಿರುತ್ತದೆ. ಪಾದದ ಕೀಲು ಒಂದು ದಿಕ್ಕಿಗೆ ವಾಲಿದರೆ ಸೊಂಟದ ಕೀಲು ಮತ್ತೊಂದು ದಿಕ್ಕಿಗೆ ಸರಿದು ಭಾರವನ್ನು ಅಂಗಾಲಿನ ಮೇಲೆಯೇ ಉಳಿಸುತ್ತದೆ. ಅಂಗಾಲು ಮತ್ತು ಕೀಲುಗಳು ಕಳುಹಿಸುವ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ತಲುಪಿದರಷ್ಟೇ ಈ ಹೊಂದಾಣಿಕೆ ಸಾಧ್ಯ. ಹುರಿಗೆ ಭಾಗಶಃ ಪೆಟ್ಟಾದವರಲ್ಲಿ ಕಾಲಿನ ಬಲ ಮರಳಿದರೂ ಈ ಸುದ್ದಿ ಸರಿಯಾಗಿ ತಲುಪದೆ ಇರಬಹುದು. ಆಗ ಕಣ್ಣೇ ಆಸರೆ. ಹಗಲಿನಲ್ಲಿ ನೆಟ್ಟಗೆ ನಿಲ್ಲುವವರು ಕರೆಂಟು ಹೋದ ಕೂಡಲೇ ತತ್ತರಿಸುತ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬಚ್ಚಲಲ್ಲೇ ಬೀಳುತ್ತಾರೆ. 'ಬಲ ಬಂದಿದೆಯಲ್ಲ, ಇನ್ನೇನು' ಎನ್ನುವ ಮನೆಯವರಿಗೆ ಇದನ್ನು ತಿಳಿಸಿ ಹೇಳುವವರು ಬೇಕು.

ಸೊಂಟದ ಕೆಳಗೆ ಸಂಪೂರ್ಣ ಸ್ವಾಧೀನ ತಪ್ಪಿದವರೂ ಕ್ಯಾಲಿಪರ್ ತೊಟ್ಟು ನಿಲ್ಲಬಲ್ಲರು. ಕ್ಯಾಲಿಪರ್ ಮೊಣಕಾಲನ್ನು ಬಿಗಿಹಿಡಿಯುತ್ತದೆ. ಸೊಂಟವನ್ನು ಮುಂದಕ್ಕೆ ಚಾಚಿ, ಎದೆಯನ್ನು ತುಸು ಹಿಂದಕ್ಕೆ ಒಯ್ದರೆ ಸೊಂಟದ ಕೀಲಿನ ಮುಂಭಾಗದ ಬಲವಾದ ಅಸ್ಥಿರಜ್ಜುಗಳೇ ಮುಂಡದ ಭಾರ ತಡೆಯುತ್ತವೆ. ಸ್ನಾಯುವಿನ ಬಲವಿಲ್ಲದೆ ನಿಲ್ಲುವ ಈ ಉಪಾಯಕ್ಕೆ ಒಂದೇ ಷರತ್ತು: ಸೊಂಟದ ಕೀಲು ಪೂರ್ತಿ ನೆಟ್ಟಗಾಗಬೇಕು, ಪಾದ ಕೆಳಮುಖವಾಗಿ ಸೆಟೆದಿರಬಾರದು. ಮೂಲೆಯ ಮಂಚದಲ್ಲಿ, ಕುರ್ಚಿಯಲ್ಲಿ ಆರು ತಿಂಗಳು ಸುಮ್ಮನೆ ಕಳೆದವರಲ್ಲಿ ಆಗುವುದು ನಿಖರವಾಗಿ ಇದೇ. ಸ್ನಾಯುಗಳು ಕುಗ್ಗಿ ಕೀಲುಗಳು ಮಡಚಿದಂತೆಯೇ ಉಳಿಯುತ್ತವೆ. ಜೊತೆಗೆ ಒತ್ತಡದ ಹುಣ್ಣು, ಮೂತ್ರದ ಸೋಂಕು. ಆನಂತರ ದೊಡ್ಡ ಆಸ್ಪತ್ರೆಗೆ ಹೋದರೂ, ಮೊದಲು ಈ ಹಾನಿಯನ್ನು ಸರಿಪಡಿಸುವುದರಲ್ಲೇ ಕಾಲ ಕಳೆಯುತ್ತದೆ. ಗಾಯ ಕಿತ್ತುಕೊಳ್ಳದೆ ಬಿಟ್ಟ ಸಾಮರ್ಥ್ಯವನ್ನು ವಿಳಂಬ ಕಿತ್ತುಕೊಳ್ಳುತ್ತದೆ.

ಪುನರ್ವಸತಿಗೆ ಹೆಸರಾದ ನಿಮ್ಹಾನ್ಸ್, ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎಪಿಡಿ ಸಂಸ್ಥೆ ಎರಡೂ ಬೆಂಗಳೂರಿನಲ್ಲಿವೆ. ತುಮಕೂರಿನಿಂದಲೇ ಸುಮಾರು 70 ಕಿ.ಮೀ.; ಗುಬ್ಬಿಯವರಿಗೆ ಇನ್ನೂ 20 ಕಿ.ಮೀ. ಹೆಚ್ಚು. ರಿಯಾಯಿತಿ ಪಾಸ್ ಕೈಯಲ್ಲಿದ್ದರೂ ಬಸ್ಸಿನ ಎತ್ತರದ ಮೆಟ್ಟಿಲು ಗಾಲಿಕುರ್ಚಿಗೆ ದಾರಿ ಬಿಡದು. ಬಾಡಿಗೆ ಕಾರು ಮಾಡಿ, ಜೊತೆಗೊಬ್ಬರ ದಿನಗೂಲಿ ಕಳೆದುಕೊಂಡು ವಾರಕ್ಕೆ ಮೂರು ಸಲ ಹೋಗಿಬರುವ ಕೂಲಿಕಾರ ಕುಟುಂಬ ಯಾವುದಿದೆ? ಅಂಗವಿಕಲರಿಗೆ, ವಿಶೇಷವಾಗಿ ಗ್ರಾಮೀಣ ಪ್ರದೇಶದಲ್ಲಿ, ಆದಾಯ ಮಿತಿಗೊಳಪಟ್ಟು ಸಮೀಪದಲ್ಲೇ ಉಚಿತ ಆರೋಗ್ಯ ಸೇವೆ ದೊರಕಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತದೆ. ಈ 'ಸಮೀಪ' ಎಂಬ ಮಾತಿಗೆ ಬೆಂಗಳೂರು ಎಂಬ ಅರ್ಥವಂತೂ ಇರಲಾರದು.

ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ನೀಡಿ ಸ್ವಾಧೀನ ತಪ್ಪಿದವರನ್ನು ನಡೆಸಿದ ಸಂಗತಿ 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದಿಂದ ವರದಿಯಾದಾಗ ಇಲ್ಲಿಯೂ ಆಸೆ ಚಿಗುರಿದ್ದು ಸಹಜ. ಆದರೆ ಆ ಪ್ರಯೋಗಗಳಲ್ಲಿ ಯಂತ್ರದ ಜೊತೆಗೆ ತಿಂಗಳುಗಳ ಕಠಿಣ ತರಬೇತಿಯೂ ಇತ್ತು. ಮಡಚಿಹೋದ ಕೀಲಿಗೆ ಯಾವ ಯಂತ್ರವನ್ನೂ ಜೋಡಿಸಿ ಫಲವಿಲ್ಲ.

ತುರ್ತಾಗಿ ಆಗಬೇಕಾದ ಕೆಲಸ ದುಬಾರಿಯೇನಲ್ಲ. ಬೋರಲು ಮಲಗಿಸುವುದು, ಹಿಮ್ಮಡಿಯ ನರ ಎಳೆಯುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಇವನ್ನು ಮನೆಯವರೇ ಮಾಡಬಲ್ಲರು, ಕಲಿಸುವವರು ಬೇಕಷ್ಟೇ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನಕ್ಕೆ ದುಡಿಯುತ್ತಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಪ್ರಮಾಣಪತ್ರ, ಪಿಂಚಣಿಯ ಅರ್ಜಿಗಳಿಗೇ ಸೀಮಿತಗೊಳಿಸದೆ ಇದಕ್ಕೆ ತರಬೇತುಗೊಳಿಸಬಹುದು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ರೋಗಿಯನ್ನು ಬಿಡುಗಡೆ ಮಾಡಿದ ದಿನವೇ ತಾಲ್ಲೂಕು ಆಸ್ಪತ್ರೆಗೆ ಮಾಹಿತಿ ನೀಡುವುದನ್ನು ಕಡ್ಡಾಯ ಮಾಡಬಹುದು. ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ತರಬೇತಿಗೆಂದೇ ಒಂದು ಕೊಠಡಿ, ಹಿಡಿದು ನಿಲ್ಲಲು ಎರಡು ಸಮಾನಾಂತರ ಕಂಬಿ, ಆಳೆತ್ತರದ ಕನ್ನಡಿ, ವಾರವಿಡೀ ಲಭ್ಯವಿರುವ ಒಬ್ಬ ಫಿಸಿಯೊಥೆರಪಿಸ್ಟ್: ಇಷ್ಟನ್ನು ಖಾತರಿಪಡಿಸಲು ಜಿಲ್ಲಾಡಳಿತ ಮುಂದಿನ ಬಜೆಟ್ಟಿನವರೆಗೂ ಕಾಯಬೇಕಿಲ್ಲ.