ಕೆಡಹುವುದು ಬೇರೆ, ಹಾಳಾಗುವುದು ಬೇರೆ

ಪ್ರವಾಹ, ಭೂಕಂಪ, ಯುದ್ಧಗಳ ವಾರ್ತೆ ಬಂದಾಗಲೆಲ್ಲ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಡೆವಸ್ಟೇಷನ್’ ಎಂಬ ಶಬ್ದ ತಪ್ಪದೆ ಕಾಣಿಸಿಕೊಳ್ಳುತ್ತದೆ. ‘ಡಿಸ್ಟ್ರಕ್ಷನ್’ ಇರುವಾಗ ಇದೇಕೆ? ಎರಡಕ್ಕೂ ‘ವಿನಾಶ’ ಎಂದರೆ ಸಾಲದೆ? ಹೀಗೆಂದು ವಾಚಕರೊಬ್ಬರು ಕೇಳಿದ್ದಾರೆ. ಸಾಲದೆಂದೇ ನನ್ನ ಉತ್ತರ. ಕಾರಣ ಆ ಶಬ್ದಗಳ ಹುಟ್ಟಿನಲ್ಲಿದೆ.

ಎರಡೂ ಲ್ಯಾಟಿನ್ ಮೂಲದವು. ‘ಡಿಸ್ಟ್ರಕ್ಷನ್’ ಶಬ್ದದ ಒಳಗಿರುವುದು ಪೇರಿಸು, ಕಟ್ಟು ಎಂಬರ್ಥದ ಧಾತು. ‘ಸ್ಟ್ರಕ್ಚರ್’ ಎಂಬುದೂ ಅದರ ಸಂತಾನವೇ. ಕಟ್ಟಿದುದನ್ನು ಕೆಡಹುವುದು ಡಿಸ್ಟ್ರಕ್ಷನ್. ‘ಡೆವಸ್ಟೇಷನ್’ ಆದರೋ ‘ವಾಸ್ತುಸ್’ ಎಂಬ ಶಬ್ದದಿಂದ ಬಂದುದು. ಉಚ್ಚಾರ ಹೋಲಿದರೂ ನಮ್ಮ ‘ವಾಸ್ತು’ವಿಗೂ ಇದಕ್ಕೂ ನಂಟಿಲ್ಲ. ‘ವಾಸ್ತುಸ್’ ಎಂದರೆ ಬರಿದಾದ, ಜನವಿಲ್ಲದ ಎಂದರ್ಥ. ಜನವಿಲ್ಲದ ನೆಲ ಕಣ್ಣಿಗೆ ವಿಶಾಲವಾಗಿ ತೋರುವುದಷ್ಟೆ. ಇಂಗ್ಲಿಷಿನ ‘ವಾಸ್ಟ್’ ಹುಟ್ಟಿದ್ದು ಅಲ್ಲಿಂದಲೇ. ಫ್ರೆಂಚಿನ ಹಾದಿಯಾಗಿ ಬಂದ ‘ವೇಸ್ಟ್’ ಕೂಡ ಅದೇ ಮನೆಯ ಮಗು. ಆದ್ದರಿಂದ ಒಂದು ಮನೆ ಸುಟ್ಟರೆ ಡಿಸ್ಟ್ರಕ್ಷನ್. ಒಂದು ನಾಡು ಬರಿದಾದರೆ ಡೆವಸ್ಟೇಷನ್.

ಇದಕ್ಕೆ ಕನ್ನಡದಲ್ಲಿ ಹೊಸ ಶಬ್ದವನ್ನು ಟಂಕಿಸಬೇಕಾಗಿಲ್ಲ. ಹಳಗನ್ನಡದ ‘ಪಾೞ್’, ಇಂದಿನ ‘ಹಾಳು’, ಇದೇ ಅರ್ಥವನ್ನು ಹೊತ್ತು ನಿಂತಿದೆ. ಹಾಳುಮನೆಯ ಗೋಡೆಗಳು ಗಟ್ಟಿಯಾಗಿಯೇ ಇರಬಹುದು, ಒಳಗೆ ಸಂಸಾರವಿಲ್ಲ. ಹಾಳುಬಾವಿಯಲ್ಲಿ ನೀರೂ ಇರಬಹುದು, ಸೇದುವವರಿಲ್ಲ. ಸಂಸ್ಕೃತದ ‘ಧ್ವಂಸ’ ಪುಡಿಯಾಗಿ ಉದುರುವುದನ್ನು ಹೇಳುತ್ತದೆ, ‘ವಿನಾಶ’ ಇಲ್ಲವಾಗುವುದನ್ನು. ಉಳಿದೂ ಬರಿದಾದುದನ್ನು ಹೇಳಲು ‘ಹಾಳು’ ಎಂಬ ಮಾತೇ ಬೇಕು. 1565ರ ರಕ್ಕಸತಂಗಡಿಯ ಯುದ್ಧದ ಬಳಿಕ ವಿಜಯನಗರದಲ್ಲಿ ಧ್ವಂಸವಾದುದು ಬಹಳ. ಆದರೂ ವಿಠ್ಠಲ ದೇವಾಲಯ, ಕಲ್ಲಿನ ರಥಗಳು ಇಂದಿಗೂ ನಿಂತಿವೆ. ಇಲ್ಲದಾದುದು ಆ ಬೀದಿಗಳ ಜನಸಂದಣಿ. ‘ಹಾಳು ಹಂಪೆ’ ಎಂದು ಹೆಸರಿಟ್ಟ ನಮ್ಮ ಜನ ನಿಘಂಟನ್ನು ನೋಡಿ ಇಟ್ಟವರಲ್ಲ.

ಬಳಕೆಯಲ್ಲಿ ದೊಡ್ಡ ಮಾತುಗಳು ಸವೆಯುವುದು ಲೋಕರೂಢಿ. ಈಚಿನ ಇಂಗ್ಲಿಷಿನಲ್ಲಿ ಪರೀಕ್ಷೆಯಲ್ಲಿ ಅಂಕ ತಗ್ಗಿದವನೂ, ಕ್ರಿಕೆಟ್ಟಿನಲ್ಲಿ ಸೋತ ತಂಡವೂ ‘ಡೆವಸ್ಟೇಟೆಡ್’. ನಾವು ನಗುವಂತಿಲ್ಲ, ‘ಹಾಳು ಮಳೆ’, ‘ಹಾಳಾದ ಬಸ್ಸು’ ಎಂದು ನಿತ್ಯವೂ ಗೊಣಗುವವರು ನಾವೇ. ಮಗನನ್ನು ಕಳೆದುಕೊಂಡ ತಾಯಿಯ ವಿಷಯದಲ್ಲಿ ಆ ಇಂಗ್ಲಿಷ್ ಶಬ್ದ ಮತ್ತೆ ಮೂಲಾರ್ಥಕ್ಕೆ ಹತ್ತಿರವಾಗುತ್ತದೆ: ಬರಿದಾದುದು ನೆಲವಲ್ಲ, ಮನಸ್ಸು.

ಈ ಭೇದ ಕೇವಲ ಪಂಡಿತರ ಚರ್ಚೆಯಲ್ಲ. 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿಗೆ ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಬಿದ್ದ ಮನೆಗಳನ್ನು ಎಣಿಸಿ ಪರಿಹಾರವನ್ನು ಕಟ್ಟಿಕೊಡಬಹುದು, ಗೋಡೆಯನ್ನು ಮತ್ತೆ ಎಬ್ಬಿಸಬಹುದು. ಹೊಸ ಮನೆಯಲ್ಲಿ ದೀಪ ಹಚ್ಚುವವರು ಉಳಿದಿಲ್ಲವಾದರೆ ಆ ಲೆಕ್ಕ ಯಾವ ಪಟ್ಟಿಗೂ ಸೇರುವುದಿಲ್ಲ. ‘ವ್ಯಾಪಕ ವಿನಾಶ ಸಂಭವಿಸಿತು’ ಎಂಬ ವಾಕ್ಯದಲ್ಲಿ ಅದು ಕಾಣದು. ‘ಊರಿಗೆ ಊರೇ ಹಾಳಾಯಿತು’ ಎಂದು ಬರೆಯಿರಿ. ಅನುವಾದವೂ ಸರಿಯಾಗುತ್ತದೆ, ಓದಿದವರ ಎದೆಯೂ ಒಮ್ಮೆ ಝಲ್ಲೆನ್ನುತ್ತದೆ.