ಪರವಾಗಿಲ್ಲ ಸಾರ್!

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ಆಸ್ಪತ್ರೆ, ಆಫೀಸು, ಮತ್ತೆ ಆಸ್ಪತ್ರೆ... ಇವತ್ತು ಸ್ವಲ್ಪ ಸಿಟ್ಟಲ್ಲೇ ಬರೀತಿದೀನಿ, ಸಹಿಸ್ಕೊಳ್ಳಿ.

ನಮ್ಮ ದೊಡ್ಡಪ್ಪನಿಗೆ ದೊಡ್ಡಕರುಳಿನ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಮೊದಲು ಕೀಮೋ ಕೊಟ್ಟು, ಆಮೇಲೆ ಲಿವರ್‌ನ ಒಂದು ಭಾಗ ಕತ್ತರಿಸಿ ತೆಗೆದರು. ಆಪರೇಷನ್ ಸಕ್ಸಸ್ ಅಂದ್ರು. ಬಿಲಿರುಬಿನ್ ನಾರ್ಮಲ್, ಸ್ಕ್ಯಾನ್ ನಾರ್ಮಲ್. ರೌಂಡ್ಸಿಗೆ ಬಂದ ಡಾಕ್ಟರು "ಹೇಗಿದೀರಾ ಯಜಮಾನ್ರೇ?" ಅಂದ್ರೆ ದೊಡ್ಡಪ್ಪ "ಪರವಾಗಿಲ್ಲ ಸಾರ್" ಅನ್ನೋರು. ಮೇಷ್ಟ್ರಾಗಿ ರಿಟೈರ್ ಆದವರು, ಇನ್ನೊಬ್ಬರ ಟೈಮ್ ಹಾಳು ಮಾಡಬಾರದು ಅನ್ನೋ ಸಂಕೋಚ.

ತಿಂಗಳಾದ ಮೇಲೆ ಮತ್ತೆ ಕೀಮೋ ಶುರು ಮಾಡೋಕೆ ಹೋದಾಗ ಬೇರೆ ಡಾಕ್ಟರು ಕೇಳಿದ್ರು: "ಕಾಲು ಜೋಮು ಹಿಡಿಯೋದು ಆಪರೇಷನ್‌ಗೆ ಮುಂಚೆನೂ ಇಷ್ಟೇ ಇತ್ತಾ, ಈಗ ಜಾಸ್ತಿ ಆಗಿದೆಯಾ?" ಅವರು ಸುಮ್ನೆ ಕೇಳಿದ್ದಲ್ಲ. ಆಕ್ಸಾಲಿಪ್ಲಾಟಿನ್ ಅನ್ನೋ ಔಷಧಿ ನರಗಳಿಗೆ ಪೆಟ್ಟು ಕೊಡುತ್ತೆ. ಜೋಮು ಹೆಚ್ಚಾಗ್ತಿದ್ರೆ ಡೋಸ್ ಇಳಿಸಬೇಕು, ಇಲ್ಲಾ ನಿಲ್ಲಿಸಬೇಕು. ದೊಡ್ಡಪ್ಪ "ಇತ್ತೇನೋಪ್ಪಾ" ಅಂದ್ರು. ದೊಡ್ಡಮ್ಮ "ಇಲ್ವೇ ಇಲ್ಲ, ಚಪ್ಪಲಿ ಜಾರಿ ಹೋಗೋದು ಈಗೀಗ" ಅಂದ್ರು. ಅಷ್ಟು ದಪ್ಪದ ಫೈಲು ತಿರುವಿ ಹಾಕಿದೆ. ಸೋಡಿಯಂ ಎಷ್ಟಿತ್ತು ಅಂತ ದಿನದ ಲೆಕ್ಕ ಇದೆ. ಕಾಲಿನ ಬಗ್ಗೆ ಒಂದಕ್ಷರ ಇಲ್ಲ!

ನಾನು ಬರೆಯೋ ಪ್ರೋಗ್ರಾಂ ಮೊದಲು ಎಷ್ಟು ಸೆಕೆಂಡ್ ತಗೋತಿತ್ತು ಅಂತ ಅಳೆದಿಡದೆ "ಈಗ ಫಾಸ್ಟ್ ಆಯ್ತು" ಅಂದ್ರೆ ಟೀಮಲ್ಲಿ ನಗ್ತಾರೆ. ಮನುಷ್ಯನ ಹೊಟ್ಟೆ ಕೊಯ್ಯೋವಾಗ ಅಷ್ಟೂ ಬೇಡ್ವಾ?

ಇದೇನು ಹೊಸ ಸಂಶೋಧನೆ ಆಗಬೇಕಾಗಿಲ್ಲ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಮಾಡಿದ ಪ್ರಶ್ನಾವಳಿ 2000ದಲ್ಲೇ ಪ್ರಕಟವಾಗಿದೆ. ನೋವು, ಸುಸ್ತು, ನಿದ್ದೆ, ಹಸಿವು, ಜೋಮು ಹೀಗೆ 13 ತೊಂದರೆಗಳು. ಕಳೆದ 24 ಗಂಟೆಯಲ್ಲಿ ಎಷ್ಟು ಕಾಡಿತು ಅಂತ 0ಯಿಂದ 10ರವರೆಗೆ ರೋಗಿಯೇ ಅಂಕ ಹಾಕಬೇಕು. ಓಡಾಟಕ್ಕೆ, ಕೆಲಸಕ್ಕೆ, ಮನಸ್ಸಿಗೆ ಎಷ್ಟು ಅಡ್ಡಿ ಆಯ್ತು ಅಂತ ಇನ್ನೂ 6 ಪ್ರಶ್ನೆ. ಆಪರೇಷನ್‌ಗೆ ಮುಂಚೆ ಒಂದು ಸಲ, ಆಮೇಲೆ ವಾರಕ್ಕೊಂದು ಸಲ. ಡಾಕ್ಟರಿಗೆ ಟೈಮಿಲ್ಲ, ಒಪ್ಪಿದೆ. ಹೊರಗಡೆ ಟೋಕನ್ ಹಿಡ್ಕೊಂಡು ಎರಡು ಗಂಟೆ ಕೂತಿರ್ತೀವಲ್ಲ ಸ್ವಾಮಿ, ನಮ್ಗಿದೆ!

"ರೋಗಿ ಹೇಳೋದನ್ನ ನಂಬೋದು ಹೇಗೆ" ಅಂತಾರೆ. ನ್ಯೂಯಾರ್ಕಿನಲ್ಲಿ 766 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ತಮ್ಮ ತೊಂದರೆಗಳನ್ನ ತಾವೇ ಕಂಪ್ಯೂಟರಿನಲ್ಲಿ ತುಂಬಿಸ್ತಿದ್ದವರಲ್ಲಿ ಅರ್ಧದಷ್ಟು ಜನ 31 ತಿಂಗಳಾದ್ರೂ ಬದುಕಿದ್ರು, ಉಳಿದವರಲ್ಲಿ ಆ ಲೆಕ್ಕ 26. ಅದು ಕೀಮೋದವರ ಮೇಲೆ ಆಗಿದ್ದು, ಆಪರೇಷನ್ ಆದವರ ಮೇಲಲ್ಲ, ಗೊತ್ತು. ಆದ್ರೂ ಕೇಳಿದ್ದರಿಂದ ನಷ್ಟ ಏನಾಯ್ತು ಹೇಳಿ.

ಹಾಂ, ಕನ್ನಡಕ್ಕೆ ತರೋವಾಗ ಹುಷಾರು. 'ಸಂಕಟ' ಅಂದ್ರೆ ನಮ್ಮ ದೊಡ್ಡಪ್ಪನಿಗೆ ಹೊಟ್ಟೆ ತೊಳೆಸೋದು, ದೊಡ್ಡಮ್ಮನಿಗೆ ಮನಸ್ಸಿನ ಕಷ್ಟ. ಪ್ರಶ್ನಾವಳಿಯಲ್ಲಿ ಅವೆರಡೂ ಬೇರೆ ಬೇರೆ ಸಾಲು.

ಈಗ ಪ್ರತಿ ಭಾನುವಾರ ಫೋನ್ ಮಾಡಿ ನಾನೇ ಬರ್ಕೋತೀನಿ. 'ಆಪರೇಷನ್‌ಗೆ ಮುಂಚೆ' ಅನ್ನೋ ಕಾಲಂ ಖಾಲಿ. ನಿನ್ನೆ "ಸುಸ್ತು ಎಷ್ಟು ದೊಡ್ಡಪ್ಪಾ?" ಅಂದೆ. "ಪರವಾಗಿಲ್ಲ ಕಣೋ." "ಅದಕ್ಕೆ ನಂಬರ್ ಇಲ್ಲ, ಹೇಳಿ." ಸ್ವಲ್ಪ ಹೊತ್ತು ಸುಮ್ನಿದ್ದು ಅಂದ್ರು: "ಏಳು ಹಾಕ್ಕೋ. ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ."