ದುಡಿಯುವ ಕೈ ನಮ್ಮದು, ನುಡಿಗಟ್ಟು ಇಂಗ್ಲಿಷಿನದೇ?



ನಿಮ್ಮ ಮನೆಯಲ್ಲಿ ಪಿಯುಸಿ ಮುಗಿಸಿದ ಮಗನೋ ಮಗಳೋ ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸಕ್ಕೆ ಓದುತ್ತಿದ್ದರೆ, ಅವರ ಕೈಯಲ್ಲಿರುವ ಗೈಡನ್ನು ಒಮ್ಮೆ ತೆರೆದು ನೋಡಿ. 'ಎಲ್ಬೋ ಗ್ರೀಸ್' ಎಂದರೇನು? 'ಬರ್ನ್ ದಿ ಮಿಡ್‌ನೈಟ್ ಆಯಿಲ್' ಎಂದರೇನು? 'ಪುಲ್ ಔಟ್ ಆಲ್ ದಿ ಸ್ಟಾಪ್ಸ್' ಎಂದರೇನು? ಎಲ್ಲವೂ ಹೇಳುವುದು ಮೈ ಮುರಿದು ದುಡಿಯುವ ಮಾತನ್ನೇ! ಹುಟ್ಟಿದಂದಿನಿಂದ ಅಪ್ಪ ಅಮ್ಮನ ಬೆವರು ಕಂಡು ಬೆಳೆದ ರೈತರ ಮಕ್ಕಳು, ಬೆವರಿಗೆ ಇಂಗ್ಲಿಷಿನವರು ಏನೆನ್ನುತ್ತಾರೆ ಎಂದು ಉರು ಹೊಡೆಯಬೇಕು. ಇದೆಂಥ ನ್ಯಾಯ?

ಲೆಕ್ಕ ಕೇಳಿ. ಸಿಬ್ಬಂದಿ ನೇಮಕಾತಿ ಆಯೋಗದ ಪಿಯುಸಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆ, 200 ಅಂಕ. ಅದರಲ್ಲಿ 25 ಪ್ರಶ್ನೆ, 50 ಅಂಕ ಇಂಗ್ಲಿಷಿಗೆ. ಇಂಗ್ಲಿಷ್ ನುಡಿಗಟ್ಟುಗಳು ಪಠ್ಯಕ್ರಮದಲ್ಲೇ ಇವೆ. ಉತ್ತರ ತಪ್ಪಿದರೆ ಅರ್ಧ ಅಂಕ ಕಡಿತ. 2023ರಲ್ಲಿ ಈ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಲು ಕೇಂದ್ರ ಒಪ್ಪಿತು. ಸಂತೋಷ. ಆದರೆ ಇಂಗ್ಲಿಷ್ ಭಾಗ ಹಾಗೇ ಉಳಿಯಿತು. ಬಾಗಿಲು ತೆರೆದರು, ಹೊಸ್ತಿಲ ಮೇಲೆ ಕಾವಲುಗಾರನನ್ನು ಬಿಟ್ಟರು!

ಇಂಗ್ಲಿಷ್ ದ್ವೇಷ ನಮ್ಮದಲ್ಲ. ಆ ನುಡಿಗಟ್ಟುಗಳೂ ಅವರ ಜನರ ಬಾಳಿನಲ್ಲೇ ಹುಟ್ಟಿದವು. 'ಸ್ಟಾಪ್ಸ್' ಎಂದರೆ ಚರ್ಚಿನ ಆರ್ಗನ್ ವಾದ್ಯದ ಗುಬುಟುಗಳು. ಎಲ್ಲವನ್ನೂ ಎಳೆದರೆ ವಾದ್ಯ ಪೂರ್ತಿ ದನಿ ತೆಗೆಯುತ್ತದೆ. ಆರ್ಗನ್ ಕೇಳಿ ಬೆಳೆದವನಿಗೆ ಆ ಮಾತು ಎದೆಗೆ ತಟ್ಟುತ್ತದೆ. ಅದನ್ನು ಕಣ್ಣಿಂದಲೂ ಕಾಣದ ಹಳ್ಳಿ ಹುಡುಗಿಗೆ ಅದು ಬರೀ ಬಾಯಿಪಾಠ. ಕಡತ ಬರೆಯುವ ಕೆಲಸಕ್ಕೂ ಚರ್ಚಿನ ವಾದ್ಯಕ್ಕೂ ಏನು ಸಂಬಂಧ ಸ್ವಾಮಿ?

ಇನ್ನು 'ಎಕ್ಸ್‌ಟ್ರಾ ಮೈಲ್'. ಇದರ ಬೇರು ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿದೆ. ರೋಮನ್ ಸೈನಿಕರು ದಾರಿಹೋಕರನ್ನು ಹಿಡಿದು ಒಂದು ಮೈಲಿ ಹೊರೆ ಹೊರಿಸುತ್ತಿದ್ದ ಕಾಲ ಅದು. ಒಂದು ಮೈಲಿ ಎಂದು ಬಲವಂತ ಮಾಡಿದರೆ ಎರಡು ಮೈಲಿ ನಡೆ ಎಂದ ಯೇಸು. ಆ ಒಂದು ಮೈಲಿಯ ಹೊರೆಗೆ ನಮ್ಮ ಕನ್ನಡದಲ್ಲಿ ಹೆಸರುಂಟು: ಬಿಟ್ಟಿ ಚಾಕರಿ! ಇಂದು ಬೆಂಗಳೂರಿನ ಕಂಪನಿಗಳಲ್ಲಿ ಸಂಬಳವಿಲ್ಲದೆ ರಾತ್ರಿವರೆಗೆ ಕೂರಿಸಿ 'ಎಕ್ಸ್‌ಟ್ರಾ ಮೈಲ್ ಹೋಗಿ' ಎಂದರೆ ನಮ್ಮ ಹುಡುಗರು ಹೆಮ್ಮೆಯಿಂದ ತಲೆಯಾಡಿಸುತ್ತಾರೆ. 'ಬಿಟ್ಟಿ ಚಾಕರಿ ಮಾಡಿ' ಎಂದಿದ್ದರೆ ಎದ್ದು ನಿಲ್ಲುತ್ತಿದ್ದರು. 2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ ನಮ್ಮ ರಾಜ್ಯದಲ್ಲೇ ಬಂದಿತ್ತು. ನೌಕರರು ಬೀದಿಗಿಳಿದರು. ಪರಭಾಷೆಯ ಬಣ್ಣದ ಮಾತು ಕಣ್ಣಿಗೆ ಪೊರೆ ಕಟ್ಟುತ್ತದೆ. ತಾಯ್ನುಡಿ ಪೊರೆ ಹರಿಯುತ್ತದೆ.

ನಮ್ಮಲ್ಲಿ ಏನು ಕಡಿಮೆ? ಮನಸಾರೆ ಕೆಲಸಕ್ಕಿಳಿದರೆ ಟೊಂಕ ಕಟ್ಟುವುದು. ಎಷ್ಟು ಸುತ್ತಿದರೂ ನಿಂತಲ್ಲೇ ನಿಂತರೆ ಗಾಣದೆತ್ತಿನ ದುಡಿಮೆ. ಕೂಲಿಯೂ ಇಲ್ಲದೆ ಮನ್ನಣೆಯೂ ಇಲ್ಲದೆ ಗೇಯ್ದರೆ ಕತ್ತೆ ಚಾಕರಿ. ಇನ್ನೊಬ್ಬರಿಗಾಗಿ ಸವೆದರೆ ಗಂಧದ ಕೊರಡಿನಂತೆ ತೇಯುವುದು. ಅಸಾಧ್ಯಕ್ಕೆ ಕೈಹಾಕಿದರೆ ಭಗೀರಥ ಪ್ರಯತ್ನ. ಕೊನೆಗೆ, ಕೈ ಕೆಸರಾದರೆ ಬಾಯಿ ಮೊಸರು! ದುಡಿಮೆಯ ಸುಖ, ದುಃಖ, ಮೋಸ ಎಲ್ಲವನ್ನೂ ಬೇರೆ ಬೇರೆ ತೂಗುವ ತಕ್ಕಡಿ ಇದು. ಆದರೂ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವವರು 'ಒಂದು ಕಲ್ಲನ್ನೂ ಮಗುಚದೆ ಬಿಡಲಿಲ್ಲ' ಎನ್ನುತ್ತಾರೆ. ಯಾಕ್ರೀ, 'ಮೂಲೆ ಮೂಲೆ ಜಾಲಾಡಿದರು' ಎನ್ನಲು ನಾಲಿಗೆ ಹೊರಳದೇ?

ಗಾಣ ಹೋಯಿತು, ಒರಳು ಮೂಲೆ ಸೇರಿತು. ಮಾತೂ ಹೋದರೆ ಅಜ್ಜ ಅಜ್ಜಿಯರ ದುಡಿಮೆಯ ನೆನಪೇ ಅಳಿಯುತ್ತದೆ. ಆದ್ದರಿಂದ ನಮ್ಮ ಒತ್ತಾಯ ಇಷ್ಟು:

ಕೇಂದ್ರದ ನೇಮಕಾತಿ ಪರೀಕ್ಷೆಗಳಲ್ಲಿ ಇಂಗ್ಲಿಷ್ ಭಾಗದ ಬದಲು ತಾಯ್ನುಡಿಯ ಭಾಗವನ್ನು ಆರಿಸಿಕೊಳ್ಳುವ ಹಕ್ಕು ಬೇಕು.

ಶಾಲೆಗಳಲ್ಲಿ ಕನ್ನಡದ ನುಡಿಗಟ್ಟುಗಳನ್ನು ಅವು ಹುಟ್ಟಿದ ಕಸುಬಿನ ಸಮೇತ ಕಲಿಸಬೇಕು.

ಓದುಗರೇ, ಓದಿ ಮಡಚಿಡಬೇಡಿ. ಆಯೋಗದ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. ಒಂದೊಂದು ಕಾರ್ಡು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ನಿಮ್ಮ ಸಂಸದರ ಮನೆ ಬಾಗಿಲು ತಟ್ಟಿ ಕೇಳಿ. ಟೊಂಕ ಕಟ್ಟಿ ನಿಲ್ಲೋಣ. ಬೆವರು ನಮ್ಮದಾದ ಮೇಲೆ ಮಾತೂ ನಮ್ಮದೇ ಆಗಲಿ!